ಮಂಡಗದ್ದೆಯ ದಡದಲ್ಲಿ ನಿಂತು ನೋಡುವ ಚಿತ್ರ

ಕಳೆದ ತಿಂಗಳು ಪತ್ರಿಕೋದ್ಯಮ ಓದುತ್ತಿರುವ ಐವರು ಪದವಿ ವಿದ್ಯಾರ್ಥಿಗಳು ನನ್ನ ಮನೆಗೆ ಬಂದಿದ್ದರು. ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಹದಿನೈದು ನಿಮಿಷಗಳ ಸಾಕ್ಷ್ಯಚಿತ್ರವೊಂದನ್ನು ತಯಾರಿಸಬೇಕಿದೆ, ವಿಷಯ ಮಂಡಗದ್ದೆಯ ಪಕ್ಷಿಧಾಮ, ನೀವು ಸೇವೆಯಲ್ಲಿದ್ದಾಗ ಆ ಭಾಗದಲ್ಲಿ ಓಡಾಡಿದವರಂತೆ, ನಮ್ಮ ಯೋಜನೆಯನ್ನು ಒಮ್ಮೆ ನೋಡಿಕೊಡಬೇಕು ಎಂದು ಕೇಳಿದರು. ನಾಲ್ಕು ಪುಟಗಳ ಟಿಪ್ಪಣಿಯನ್ನು ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಸಿ ತಂದಿದ್ದರು. ಮೂವತ್ತು ವರ್ಷಗಳಿಗೂ ಮಿಕ್ಕಿ ಇತರರ ಟಿಪ್ಪಣಿಗಳ ಅಂಚಿನಲ್ಲಿ ಷರಾ ಬರೆದೇ ಬದುಕಿದವನ ಕೈಗೆ ಅದು ಸಿಕ್ಕಿತು!

ಮೊದಲ ಪುಟದಲ್ಲಿ ‘ಸ್ಫೂರ್ತಿ’ ಎಂಬ ತಲೆಬರಹದಡಿ ಏಳೆಂಟು ಪ್ರಸಿದ್ಧ ಸಾಕ್ಷ್ಯಚಿತ್ರಗಳ ಹೆಸರುಗಳಿದ್ದವು. ಉಳಿದ ಪುಟಗಳಲ್ಲಿ ಆ ಚಿತ್ರಗಳಿಂದ ಆಯ್ದ ದೃಶ್ಯಗಳ ಮಂಡಗದ್ದೆ ಆವೃತ್ತಿ. ಸೂರ್ಯೋದಯದ ಹೊತ್ತಿಗೆ ಮಂಜಿನ ನಡುವೆ ಡ್ರೋನ್ ಮೇಲೇರಬೇಕು, ಕೆಳಗೆ ತುಂಗೆ ಬೆಳ್ಳಿಯ ಗೆರೆಯಂತೆ ಕಾಣಬೇಕು, ಕೊಳಲಿನ ನಾದ, ಡೇವಿಡ್ ಅಟೆನ್‌ಬರೋ ಅವರ ಧಾಟಿಯಲ್ಲಿ ಇಂಗ್ಲಿಷ್ ನಿರೂಪಣೆ, ಸಾವಿರಾರು ಹಕ್ಕಿಗಳು ಒಮ್ಮೆಲೇ ಹಾರುವ ದೃಶ್ಯ, ಕೊನೆಗೆ ಪರಿಸರ ಉಳಿಸಿ ಎಂಬ ಕರೆ. ಟಿಪ್ಪಣಿಯಲ್ಲಿ ಮಂಡಗದ್ದೆ ಎಂದಿರುವಲ್ಲೆಲ್ಲ ರಂಗನತಿಟ್ಟು ಎಂದೋ ಗುಡವಿ ಎಂದೋ ತಿದ್ದಿದರೆ ಬೇರಾವ ಪದವನ್ನೂ ಬದಲಿಸಬೇಕಿರಲಿಲ್ಲ. ಇದನ್ನು ಹೇಳಿದಾಗ ಮಕ್ಕಳ ಮುಖ ಸಪ್ಪಗಾಯಿತು. ಆದರೆ ಎದ್ದು ಹೋಗಲಿಲ್ಲ. ಆ ಕಾರಣಕ್ಕೇ ಈ ಲೇಖನ.

ಮಂಡಗದ್ದೆಯನ್ನು ಕಾಣದವರಿಗಾಗಿ ಎರಡು ಮಾತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ ರಸ್ತೆಯ ಮಗ್ಗುಲಲ್ಲೇ ತುಂಗಾ ನದಿ, ನದಿಯ ನಡುವೆ ಮರಗಳಿಂದ ತುಂಬಿದ ಪುಟ್ಟ ನಡುಗಡ್ಡೆ. ವಿಸ್ತೀರ್ಣ ಒಂದು ಎಕರೆಗಿಂತ ತುಸು ಹೆಚ್ಚು, ಅಷ್ಟೇ. ಮುಂಗಾರು ಬಲಿತು ಹೊಳೆ ಏರಿದಾಗ ನೆಲ ಮುಳುಗಿ ಮರಗಳ ತಲೆಗಳಷ್ಟೇ ನೀರಿನ ಮೇಲೆ ಉಳಿಯುತ್ತವೆ. ಆ ತಲೆಗಳ ಮೇಲೆಯೇ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಸುತ್ತಲೂ ಹರಿಯುವ ನೀರೇ ಅವುಗಳ ಕೋಟೆ. ದೂರದಿಂದ ನೋಡುವವರಿಗೆ ಮರಗಳು ಬಿಳಿಯ ಹೂ ಬಿಟ್ಟಂತೆ ಕಾಣುತ್ತದೆ. ದಡದಲ್ಲಿ ಅರಣ್ಯ ಇಲಾಖೆಯ ವೀಕ್ಷಣಾ ಗೋಪುರವಿದೆ. ಬಸ್ಸಿನ ಕಿಟಕಿಯಲ್ಲಿ ಕುಳಿತವರಿಗೂ ಅರೆನಿಮಿಷ ಈ ನೋಟ ಸಿಗುತ್ತದೆ. ಕಾಡಿನೊಳಗೆ ಹತ್ತಾರು ಮೈಲಿ ನಡೆದು ಕಾಣಬೇಕಾದ ಅಭಯಾರಣ್ಯವಲ್ಲ ಇದು. ಹೆದ್ದಾರಿಯ ಲಾರಿಗಳ ಹಾರ್ನಿನ ಅಳವಿನಲ್ಲಿರುವ ಬಾಣಂತಿಮನೆ.

ಮಕ್ಕಳ ಯೋಜನೆಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಕೊಳಲೂ ಅಲ್ಲ, ಅಟೆನ್‌ಬರೋ ಧಾಟಿಯೂ ಅಲ್ಲ. ಸಾವಿರಾರು ಹಕ್ಕಿಗಳು ಒಮ್ಮೆಲೇ ಹಾರುವ ದೃಶ್ಯವನ್ನು ಹೇಗೆ ಹಿಡಿಯುತ್ತೀರಿ ಎಂದು ಕೇಳಿದೆ. ಒಬ್ಬ ಹುಡುಗ ಯಾವ ಸಂಕೋಚವೂ ಇಲ್ಲದೆ, ‘ದಡದಲ್ಲಿ ಒಂದು ಪಟಾಕಿ ಹೊಡೆದರೆ ಸಾಕು ಸರ್, ಡ್ರೋನ್ ಮೇಲೆ ರೆಡಿ ಇರುತ್ತೆ’ ಎಂದ. ಅವನು ಕೆಟ್ಟ ಹುಡುಗನಲ್ಲ. ಮನೆಯಲ್ಲಿ ಹಕ್ಕಿಗಳಿಗೆ ನೀರಿಡುವವನು. ಪರದೆಯ ಮೇಲೆ ಆ ದೃಶ್ಯವನ್ನು ಎಷ್ಟೋ ಬಾರಿ ನೋಡಿದ್ದಾನೆ, ಅದು ಸಿಕ್ಕ ಬಗೆಯನ್ನು ಯಾರೂ ಅವನಿಗೆ ಹೇಳಿಲ್ಲ.

ಅವನನ್ನು ಗದರಿಸುವ ನೈತಿಕ ಹಕ್ಕು ನನಗಿರಲಿಲ್ಲ. 1990ರ ದಶಕದ ಒಂದು ಆಗಸ್ಟ್. ನಾನು ಆಗಿನ್ನೂ ಮೂವತ್ತರ ಆಸುಪಾಸಿನ ಕಿರಿಯ ಅಧಿಕಾರಿ. ಬೆಂಗಳೂರಿನಿಂದ ಬಂದ ಗಣ್ಯ ಅತಿಥಿಯೊಬ್ಬರನ್ನು ಮಂಡಗದ್ದೆಗೆ ಕರೆದೊಯ್ಯುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಹೊಳೆ ಸ್ವಲ್ಪ ತಗ್ಗಿತ್ತು, ದೋಣಿ ಸಿಕ್ಕಿತು. ನಡುಗಡ್ಡೆಯ ಸಮೀಪ ಹೋದಾಗ ಅತಿಥಿಗಳು ಕ್ಯಾಮೆರಾ ಹಿಡಿದು, ಹಕ್ಕಿಗಳು ಸುಮ್ಮನೆ ಕುಳಿತಿವೆಯಲ್ಲ ಎಂದು ಬೇಸರಪಟ್ಟುಕೊಂಡರು. ಚಪ್ಪಾಳೆ ತಟ್ಟು ಎಂದು ನಾನೇ ಅಂಬಿಗನಿಗೆ ಹೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ‘ಮೊಟ್ಟೆ ಇಟ್ಟಾವೆ ಸ್ವಾಮಿ’ ಎಂದ. ಪರವಾಗಿಲ್ಲ, ತಟ್ಟು ಎಂದೆ. ತಟ್ಟಿದ. ಹಕ್ಕಿಗಳು ಎದ್ದವು. ಅತಿಥಿಗಳಿಗೆ ಬೇಕಾದ ಚಿತ್ರ ಸಿಕ್ಕಿತು. ಹಕ್ಕಿಗಳು ಎದ್ದ ಮರುನಿಮಿಷವೇ ದಡದ ಮರಗಳಲ್ಲಿ ಕಾದಿದ್ದ ಕಾಗೆಗಳು ಬಂದು ಗೂಡುಗಳ ಮೇಲೆ ಇಳಿದವು. ಕೊಕ್ಕಿನಲ್ಲಿ ಮೊಟ್ಟೆ ಕಚ್ಚಿಕೊಂಡು ಹೋಗುತ್ತಿದ್ದುದನ್ನು ಅಂಬಿಗನೂ ನಾನೂ ನೋಡಿದೆವು. ಅತಿಥಿಗಳು ಫಿಲ್ಮ್ ರೋಲು ಬದಲಿಸುತ್ತಿದ್ದರು. ಅಂದು ಸಂಜೆ ಭೇಟಿಯು ತೃಪ್ತಿಕರವಾಗಿ ನೆರವೇರಿತು ಎಂದು ನಾನೇ ವರದಿ ಬರೆದೆ.

ಇದನ್ನು ಮಕ್ಕಳಿಗೆ ಹೇಳಿದ ಮೇಲೆ ಪಟಾಕಿಯ ಮಾತು ಮತ್ತೆ ಬರಲಿಲ್ಲ. ಡ್ರೋನೂ ಹೋಯಿತು. ಹಿಂಡಾಗಿ ಗೂಡು ಕಟ್ಟುವ ಹಕ್ಕಿಗಳಿಗೆ ತಲೆಯ ಮೇಲೆ ಗುಂಯ್‌ಗುಡುವ ಯಂತ್ರ ಹದ್ದಿಗಿಂತ ಬೇರೆಯಾಗಿ ಕಾಣುವುದಿಲ್ಲ. ಮೇಲಾಗಿ ಇದು ಶೆಟ್ಟಿಹಳ್ಳಿ ಅಭಯಾರಣ್ಯದ ಪರಿಸರ. ಇಲ್ಲಿ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯು, ನೆಲೆಗಾಗಲಿ ಜೀವಿಗಾಗಲಿ ಧಕ್ಕೆಯಾಗದಂತೆ ಚಿತ್ರೀಕರಿಸಬೇಕು ಎಂಬ ಷರತ್ತನ್ನು ಸ್ಪಷ್ಟವಾಗಿಯೇ ಸೇರಿಸಿದೆ. ಅರ್ಜಿಯನ್ನು ಹೇಗೆ ಬರೆಯಬೇಕೆಂದು ನಾನು ಹೇಳಿಕೊಟ್ಟೆ. ನಿವೃತ್ತರು ಇನ್ನೂ ಉಪಯೋಗಕ್ಕೆ ಬರುವ ಕೆಲವೇ ಕ್ಷೇತ್ರಗಳಲ್ಲಿ ಅದೂ ಒಂದು.

ಹಾಗಾದರೆ ಹಳೆಯ ಸಾಕ್ಷ್ಯಚಿತ್ರಗಳಿಂದ ಸ್ಫೂರ್ತಿ ಪಡೆಯಬಾರದೇ ಎಂದು ಅವರು ಕೇಳಿದ್ದು ಸಹಜ. ಪಡೆಯಲೇಬೇಕು. ಆದರೆ ಏನನ್ನು ಪಡೆಯಬೇಕು? ಪರದೆಯ ಮೇಲೆ ಕಾಣುವ ದೃಶ್ಯ ಒಂದು ನಿರ್ಧಾರದ ಫಲ. ನಾವು ಫಲವನ್ನು ನಕಲು ಮಾಡುತ್ತೇವೆ, ನಿರ್ಧಾರವನ್ನು ಗಮನಿಸುವುದೇ ಇಲ್ಲ. ಮುಂದಿನ ಮೂರು ಭಾನುವಾರ ನಮ್ಮ ಮನೆಯ ಹಜಾರದಲ್ಲಿ ಒಟ್ಟಿಗೆ ಕುಳಿತು ಚಿತ್ರಗಳನ್ನು ನೋಡಿದೆವು. ಒಂದೇ ನಿಯಮ: ಪ್ರತಿಯೊಬ್ಬರ ಕೈಯಲ್ಲೂ ನೋಟುಬುಕ್ ಇರಬೇಕು. ಮೊದಲ ಬಾರಿ ಸುಮ್ಮನೆ ನೋಡುವುದು. ಎರಡನೆಯ ಬಾರಿ ಧ್ವನಿಯನ್ನು ಪೂರ್ತಿ ಅಡಗಿಸಿ, ಕ್ಯಾಮೆರಾ ಎಲ್ಲಿ ನಿಂತಿತ್ತು, ಎಷ್ಟು ಹೊತ್ತು ಕಾದಿರಬೇಕು, ಯಾರ ಮನೆಯೊಳಗೆ ಅದಕ್ಕೆ ಪ್ರವೇಶ ಸಿಕ್ಕಿತ್ತು, ಈ ಚಿತ್ರಕ್ಕೆ ಹಣ ಕೊಟ್ಟವರು ಯಾರು ಎಂಬುದನ್ನು ಬರೆದುಕೊಳ್ಳುವುದು. ಕೊನೆಯ ಪ್ರಶ್ನೆ ನನ್ನದು. ಅರ್ಥಶಾಸ್ತ್ರ ಓದಿದವರ ಚಾಳಿ.

ಮೊದಲಿಗೆ ಎಲ್ಲರ ಅಜ್ಜನಿಂದಲೇ ಆರಂಭಿಸಿದೆವು. ಅಮೆರಿಕದ ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ಬಿಡುಗಡೆ ಮಾಡಿದ ‘ನ್ಯಾನೂಕ್ ಆಫ್ ದಿ ನಾರ್ತ್’. ಉತ್ತರ ಕೆನಡಾದ ಹಿಮಪ್ರದೇಶದ ಇನ್ಯುಯಿಟ್ ಕುಟುಂಬವೊಂದರ ಕಥೆ. ಇದಕ್ಕೂ ಮೊದಲು ಆತ ಅದೇ ಸೀಮೆಯಲ್ಲಿ ಒಂದು ಚಿತ್ರ ತೆಗೆದಿದ್ದ. ಸಂಕಲನದ ಕೋಣೆಯಲ್ಲಿ ತನ್ನದೇ ಸಿಗರೇಟಿನ ಕಿಡಿ ತಗುಲಿ ಸುಮಾರು 30,000 ಅಡಿ ಫಿಲ್ಮು ಸುಟ್ಟುಹೋಯಿತು. ಉಳಿದಿದ್ದ ಪ್ರತಿಯನ್ನು ನೋಡಿದಾಗ ಆತನಿಗೇ ಅನ್ನಿಸಿತಂತೆ, ಇದರಲ್ಲಿ ಅಲ್ಲೊಂದು ಇಲ್ಲೊಂದು ದೃಶ್ಯಗಳಿವೆಯೇ ಹೊರತು ಅವನ್ನು ಹಿಡಿದಿಡುವ ಎಳೆಯೇ ಇಲ್ಲ ಎಂದು. ಹಾಗಾಗಿ ಎರಡನೆಯ ಬಾರಿ ಹೋದಾಗ ಒಂದೇ ಕುಟುಂಬವನ್ನು ಹಿಡಿದು ಕೂತ. ನಮ್ಮ ಮಕ್ಕಳ ನಾಲ್ಕು ಪುಟಗಳ ಟಿಪ್ಪಣಿಯೂ ಸುಟ್ಟುಹೋದ ಆ ಮೊದಲ ಚಿತ್ರದಂತೆಯೇ ಇತ್ತು. ಬೆಂಕಿ ಬೀಳುವ ಮೊದಲೇ ಅವರಿಗೆ ಅದು ಗೊತ್ತಾದದ್ದು ಅದೃಷ್ಟ.

ಆದರೆ ಅದೇ ಚಿತ್ರದಲ್ಲಿ ಇನ್ನೊಂದು ಪಾಠವೂ ಇದೆ. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಒಂದು ಪಾರ್ಶ್ವವನ್ನೇ ತೆರೆದಿಟ್ಟ ಅರ್ಧ ಮನೆಯನ್ನು ಕಟ್ಟಿಸಿದ. ಬಂದೂಕು ಬಳಸಲು ಬಲ್ಲ ಜನರಿಂದ ಈಟಿಯಲ್ಲಿ ಬೇಟೆಯಾಡಿಸಿದ. ನ್ಯಾನೂಕ್ ಎಂಬುದೂ ಆ ಮನುಷ್ಯನ ನಿಜನಾಮವಲ್ಲ. ಹಣ ಕೊಟ್ಟದ್ದು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಫ್ರೆಂಚ್ ಕಂಪನಿ. ಇಷ್ಟಾದರೂ ನೂರು ವರ್ಷಗಳ ಬಳಿಕವೂ ಚಿತ್ರ ಮನಸ್ಸನ್ನು ಕಲಕುತ್ತದೆ. ಇದು ಸರಿಯೋ ತಪ್ಪೋ ಎಂದು ಮಕ್ಕಳು ಒಂದು ಗಂಟೆ ವಾದಿಸಿದರು. ಪಟಾಕಿಯ ಹುಡುಗ ತುಂಬ ಬಿಗಿಯಾಗಿ, ‘ಮನೆ ಕಟ್ಟಿಸಿದ್ದು ಸರಿ, ಈಟಿ ಹಿಡಿಸಿದ್ದು ತಪ್ಪು’ ಎಂದ. ಯಾಕೆ ಎಂದರೆ, ಅರ್ಧ ಮನೆ ಯಾರಿಗೂ ಅಪಾಯ ತರುವುದಿಲ್ಲವಂತೆ. ವಾದವನ್ನು ಅಲ್ಲಿಗೇ ಬಿಟ್ಟೆ. ಅವನಾಗಿಯೇ ಅಲ್ಲಿಗೆ ತಲುಪಿದ್ದ.

ಎರಡನೆಯ ಭಾನುವಾರ ನಮ್ಮ ನದಿಯ ಸನಿಹಕ್ಕೆ ಬಂದೆವು. ಶೇಖರ್ ದತ್ತಾತ್ರಿ ಅವರ ‘ಮೈಂಡ್‌ಲೆಸ್ ಮೈನಿಂಗ್’ 2001ರ ಚಿತ್ರ. ಕುದುರೆಮುಖದ ಕಬ್ಬಿಣದ ಅದಿರು ಗಣಿ ಬೆಟ್ಟಗಳನ್ನೂ ಭದ್ರೆಯನ್ನೂ ಏನು ಮಾಡಿತು ಎಂಬುದೇ ಅದರ ವಸ್ತು. ಕಾಲು ಗಂಟೆಗೂ ಕಡಿಮೆ ಅವಧಿ, ಅಂದರೆ ನಮ್ಮ ಮಕ್ಕಳ ಪ್ರಾಜೆಕ್ಟಿನಷ್ಟೇ. ಗಣಿಯ ವಿರುದ್ಧ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದ ಹೋರಾಟದ ಕಾಲಕ್ಕೆ ಈ ಚಿತ್ರ ಜನರ ಕಣ್ಣು ತೆರೆಸಿತು. 2002ರ ಅಕ್ಟೋಬರಿನಲ್ಲಿ ನ್ಯಾಯಾಲಯವು 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲಬೇಕೆಂದು ಆದೇಶಿಸಿತು, ನಿಂತಿತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ. ಮಂಡಗದ್ದೆಯ ನಡುಗಡ್ಡೆಯನ್ನು ಬಳಸಿ ಹೋಗುವ ನೀರು ಅಲ್ಲಿಂದಲೇ ಇಳಿದು ಬಂದದ್ದು.

ಈ ಚಿತ್ರವನ್ನು ಧ್ವನಿಯಿಲ್ಲದೆ ನೋಡಿದಾಗ ಮಕ್ಕಳು ಗಮನಿಸಿದ್ದೇನೆಂದರೆ, ಅದು ಬೆಟ್ಟದ ಸೌಂದರ್ಯವನ್ನು ತೋರಿಸಲು ಹೆಚ್ಚು ಹೊತ್ತು ವ್ಯಯಿಸುವುದಿಲ್ಲ. ಸೌಂದರ್ಯ ಎಷ್ಟು ಬೇಕೋ ಅಷ್ಟು. ಉಳಿದದ್ದು ಪುರಾವೆ. ಬೆಟ್ಟ ಹೇಗಿತ್ತು, ಹೇಗಾಯಿತು, ಮಣ್ಣು ಎಲ್ಲಿಗೆ ಹೋಯಿತು. ಒಂದು ಪ್ರಶ್ನೆಗೆ ಒಂದು ಉತ್ತರ. ಮೈಕ್ ಪಾಂಡೆಯವರು ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕುಗಳ ಕೊಲೆಯನ್ನು ಚಿತ್ರಿಸಿದ ‘ಶೋರ್ಸ್ ಆಫ್ ಸೈಲೆನ್ಸ್’ 2000ರಲ್ಲಿ ಬಂದದ್ದು. ಮರುವರ್ಷವೇ ಆ ಮೀನಿಗೆ ಕಾನೂನಿನ ರಕ್ಷಣೆ ದೊರಕಿತು. ಇಂಥ ಪರಿಣಾಮ ವಿದ್ಯಾರ್ಥಿಗಳ ಚಿತ್ರಕ್ಕೂ ಸಿಗುತ್ತದೆ ಎಂದು ನಾನು ಆಸೆ ತೋರಿಸಲಿಲ್ಲ. ಆದರೆ ಪ್ರಶ್ನೆಯೊಂದಿರಬೇಕು ಎಂಬುದಕ್ಕೆ ಖರ್ಚಿಲ್ಲ.

ಮಂಡಗದ್ದೆಯ ಪ್ರಶ್ನೆ ಯಾವುದು? ಅದನ್ನು ಕಂಡುಕೊಳ್ಳಲು ಮಕ್ಕಳು ಕ್ಯಾಮೆರಾ ಇಲ್ಲದೆ ಒಂದು ದಿನ ಅಲ್ಲಿಗೆ ಹೋಗಿಬಂದರು. ಗೋಪುರದ ಬಳಿ, ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಅಡಿಕೆ ತೋಟದ ಮನೆಗಳಲ್ಲಿ ಕುಳಿತು ಮಾತನಾಡಿದರು. ತಿರುಗಿ ಬಂದಾಗ ಅವರ ನೋಟುಬುಕ್ಕುಗಳಲ್ಲಿ ಹಕ್ಕಿಗಿಂತ ಹೆಚ್ಚಾಗಿ ನೀರಿತ್ತು. ಗಾಜನೂರಿನಲ್ಲಿ ಮೊದಲಿದ್ದ ಅಣೆಕಟ್ಟಿನ ಕೆಳಗೆ ತುಂಗಾ ಮೇಲ್ದಂಡೆ ಯೋಜನೆಗಾಗಿ ಹೆಚ್ಚು ಎತ್ತರದ ಹೊಸ ಅಣೆಕಟ್ಟು 2000ರ ದಶಕದಲ್ಲಿ ಎದ್ದಿತು. ಅದರ ಗರಿಷ್ಠ ಮಟ್ಟ 588.24 ಮೀಟರ್, ಸಂಗ್ರಹ 3.24 ಟಿಎಂಸಿ ಅಡಿ. ದೊಡ್ಡ ಜಲಾಶಯವೇನಲ್ಲ. ಆದ್ದರಿಂದಲೇ ಪ್ರತಿ ಮುಂಗಾರಿನಲ್ಲಿ ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ತುಂಬುವ ಜಲಾಶಯಗಳಲ್ಲಿ ಇದೂ ಒಂದು. ಜೂನ್ ಕೊನೆಗೋ ಜುಲೈ ಆರಂಭಕ್ಕೋ ಗೇಟು ತೆರೆದ ಸುದ್ದಿ ಪತ್ರಿಕೆಯಲ್ಲಿ ಬಂದೇ ಬರುತ್ತದೆ. ಹಕ್ಕಿಗಳು ಗೂಡಿಗೆ ಕಡ್ಡಿ ಹೊರುವುದೂ ಅದೇ ದಿನಗಳಲ್ಲಿ. ಮರದ ಯಾವ ಕೊಂಬೆಯವರೆಗೆ ನೀರು ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಬುಡ ನೀರಿನಲ್ಲಿ ನಿಂತ ಮರ ಎಷ್ಟು ವರ್ಷ ಬಾಳುತ್ತದೆ, ಸತ್ತ ಮರದ ಜಾಗದಲ್ಲಿ ಹೊಸ ಸಸಿ ಏಳುತ್ತದೆಯೇ? ಒಂದು ಎಕರೆಯ ನಡುಗಡ್ಡೆಯಲ್ಲಿ ಹತ್ತು ಮರ ಹೋದರೂ ಲೆಕ್ಕ ತಪ್ಪುತ್ತದೆ.

ಇಲ್ಲಿ ನನ್ನ ವೃತ್ತಿಯ ಹಳೆಯ ಅಭ್ಯಾಸ ಮುಂದೆ ಬಂತು. ಆ ನೀರು ಕಾಲುವೆಯಲ್ಲಿ ಹರಿದು ದಾವಣಗೆರೆ, ಹಾವೇರಿ ಜಿಲ್ಲೆಗಳ ಹೊಲಗಳಿಗೆ ಹೋಗುತ್ತದೆ. ಅಲ್ಲಿಯ ರೈತನಿಗೆ ನೂರು ಮೈಲಿ ಮೇಲಿನ ನಡುಗಡ್ಡೆಯ ಸುದ್ದಿ ಯಾಕೆ ಬೇಕು ಎಂದು ಕೇಳಿದರೆ ಅದು ಅಹಂಕಾರದ ಪ್ರಶ್ನೆಯಲ್ಲ. ನೀರಾವರಿಯ ಲಾಭವನ್ನು ಎಕರೆಗಳಲ್ಲಿ, ಕ್ವಿಂಟಲುಗಳಲ್ಲಿ ಎಣಿಸುವುದನ್ನು ನಾವು ಕಲಿತಿದ್ದೇವೆ; ಯೋಜನಾ ವರದಿಯ ಖರ್ಚಿನ ಪಟ್ಟಿಯಲ್ಲಿ ಹಾವಕ್ಕಿಯ ಗೂಡಿಗೆ ಕಾಲಂ ಇರುವುದಿಲ್ಲ. ಅಣೆಕಟ್ಟನ್ನು ಖಳನಾಯಕನನ್ನಾಗಿ ಮಾಡಿ ಕೈತೊಳೆದುಕೊಳ್ಳಬೇಡಿ, ಕಾಲುವೆಯ ಕೊನೆಯ ರೈತನ ಮನೆಗೂ ಒಮ್ಮೆ ಹೋಗಿ ಎಂದೆ. ಹದಿನೈದು ನಿಮಿಷಗಳಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ ಎಂದು ಸಂಕಲನ ಮಾಡಲಿರುವ ಹುಡುಗಿ ಗೊಣಗಿದಳು. ಆಕೆ ಹೇಳಿದ್ದು ಸರಿ. ರೈತನಿಗೆ ಒಂದೂವರೆ ನಿಮಿಷ ಎಂದು ಒಪ್ಪಂದವಾಯಿತು.

ಮಾತನಾಡಿಸುವ ಕ್ರಮಕ್ಕೆ ಮಾದರಿ ಸಿಕ್ಕಿದ್ದು ಅನಿರೀಕ್ಷಿತ ಜಾಗದಲ್ಲಿ. ನನ್ನ ತಲೆಮಾರಿನವರಿಗೆ ಫಿಲಂಸ್ ಡಿವಿಜನ್ ಎಂದರೆ ಚಿತ್ರಮಂದಿರದಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಅನುಭವಿಸಬೇಕಾದ ಶಿಕ್ಷೆ. 1948ರಲ್ಲಿ ಆರಂಭವಾದ ಆ ಸಂಸ್ಥೆ 2022ರಲ್ಲಿ ಎನ್‌ಎಫ್‌ಡಿಸಿಯಲ್ಲಿ ವಿಲೀನವಾಯಿತು. ಪ್ರವಾಹ, ಉದ್ಘಾಟನೆ, ಗೋಧಿಯ ಹೊಲ, ಏರು ಧ್ವನಿಯ ವಿವರಣೆ. ನಾವು ಆ ಹೊತ್ತಿನಲ್ಲಿ ಕಡಲೆಕಾಯಿ ಕೊಳ್ಳಲು ಹೊರಗೆ ಹೋಗುತ್ತಿದ್ದೆವು. ಆದರೆ ಅದೇ ಸಂಸ್ಥೆಗಾಗಿ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ಮಾಡಿದ ‘ಐ ಆಮ್ 20’ ಎಂಬ ಕಿರುಚಿತ್ರವನ್ನು ಈಗ ನೋಡಿದರೆ, ಹೊರಗೆ ಹೋಗಿದ್ದಕ್ಕೆ ಪಶ್ಚಾತ್ತಾಪವಾಗುತ್ತದೆ. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ ಇಪ್ಪತ್ತರ ಯುವಕ ಯುವತಿಯರನ್ನು ದೇಶದ ನಾನಾ ಕಡೆ ಹುಡುಕಿ, ನಿಮ್ಮ ಆಸೆಗಳೇನು, ಈ ದೇಶದ ಬಗ್ಗೆ ಏನನ್ನಿಸುತ್ತದೆ ಎಂದು ಕೇಳುತ್ತಾರೆ. ಅಷ್ಟೇ. ಉತ್ತರಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಸರ್ಕಾರದ ಹಣದಲ್ಲಿ, ಸರ್ಕಾರಕ್ಕೆ ಮುಜುಗರವಾಗಬಹುದಾದ ಮಾತುಗಳೂ ಕೇಳಿಬರುತ್ತವೆ.

ನಮ್ಮ ಮಕ್ಕಳು ಇದರಿಂದ ಎತ್ತಿಕೊಂಡದ್ದು ಉಪಾಯವೊಂದನ್ನು. ಮಂಡಗದ್ದೆಯಲ್ಲಿ ಹೊಸ ಅಣೆಕಟ್ಟಿನ ನೀರು ಮೊದಲ ಬಾರಿ ಏರಿದ ವರ್ಷಗಳಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರನ್ನೂ, ಆ ವರ್ಷಗಳಲ್ಲೇ ಹುಟ್ಟಿ ಈಗ ಇಪ್ಪತ್ತರ ಹೊಸ್ತಿಲಲ್ಲಿರುವವರನ್ನೂ ಹುಡುಕುವುದು. ಇಬ್ಬರಿಗೂ ಒಂದೇ ಪ್ರಶ್ನೆ: ನಿಮ್ಮ ಚಿಕ್ಕಂದಿನಲ್ಲಿ ಹಕ್ಕಿ ಎಲ್ಲಿ ಕೂರುತ್ತಿತ್ತು? ಯಾವುದೇ ಪಂಡಿತರ ಸಂದರ್ಶನಕ್ಕಿಂತ ಇದು ಹೆಚ್ಚು ಹೇಳೀತು ಎಂದು ನನ್ನ ಊಹೆ. ಹಾಗೆಂದು ಪಕ್ಷಿತಜ್ಞರನ್ನು ಬಿಡಬೇಕಿಲ್ಲ. ನೆನಪು ಮೋಸ ಮಾಡುತ್ತದೆ. ಅದನ್ನು ಎಣಿಕೆಯ ಪಕ್ಕದಲ್ಲಿಟ್ಟೇ ನೋಡಬೇಕು.

ದೆಹಲಿಯಲ್ಲಿ ಗಾಯಗೊಂಡ ಹದ್ದುಗಳನ್ನು ಉಪಚರಿಸುವ ಸೋದರರ ಬಗ್ಗೆ ಶೌನಕ್ ಸೇನ್ ಮಾಡಿದ ‘ಆಲ್ ದಟ್ ಬ್ರೀದ್ಸ್’ (2022) ಕೂಡ ಇದನ್ನೇ ತೋರಿಸುತ್ತದೆ. ಹಕ್ಕಿಯ ಕಥೆ ಹೇಳಲು ಹಕ್ಕಿಯನ್ನೇ ಬೆನ್ನಟ್ಟಬೇಕಿಲ್ಲ, ಅದರ ಪಕ್ಕದ ಮನೆಯವರೊಂದಿಗೆ ಕುಳಿತರೂ ಆಗುತ್ತದೆ. ಇನ್ನು ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಪಡೆದಂದಿನಿಂದ ನಮ್ಮ ಸಕ್ರೆಬೈಲಿನ ಆನೆ ಬಿಡಾರಕ್ಕೆ ಕ್ಯಾಮೆರಾ ಹೊತ್ತವರ ಕೊರತೆಯಿಲ್ಲವಂತೆ. ನಮ್ಮ ಗುಂಪಿನಲ್ಲೂ ಒಬ್ಬಳು ಅರ್ಧ ಮನಸ್ಸಿನಿಂದ, ಹೇಗೂ ದಾರಿಯಲ್ಲೇ ಸಿಗುತ್ತದಲ್ಲ, ಆನೆಯನ್ನೂ ಸೇರಿಸೋಣವೇ ಎಂದಿದ್ದಳು. ಉಳಿದ ನಾಲ್ವರೇ ಬೇಡವೆಂದರು. ನಾನು ಬಾಯಿ ತೆರೆಯಬೇಕಾಗಲಿಲ್ಲ.

ಮೂರನೆಯ ಭಾನುವಾರದ ವಿಷಯ ಕಾಲ. ನಮ್ಮವರೇ ಆದ ಕೃಪಾಕರ–ಸೇನಾನಿ ಬಂಡೀಪುರದ ಸೀಳುನಾಯಿಗಳ ಜಾಡು ಹಿಡಿದು ಎಷ್ಟು ವರ್ಷ ಅಲೆದರು ಎಂಬುದನ್ನು ಮಕ್ಕಳಿಗೆ ಹೇಳಿದೆ. ಒಂದು ಪ್ರಾಣಿಯ ಹಿಂದೆ ಒಂದು ದಶಕಕ್ಕೂ ಹೆಚ್ಚು. 2010ರಲ್ಲಿ ಅವರ ‘ದಿ ಪ್ಯಾಕ್’ಗೆ ಗ್ರೀನ್ ಆಸ್ಕರ್ ಎಂದು ಕರೆಯಲಾಗುವ ಪ್ರಶಸ್ತಿ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಆ ಹೊತ್ತಿಗೆ ಅವರು ಕಳೆದಿದ್ದ ಬರಿಗೈ ದಿನಗಳ ಲೆಕ್ಕವನ್ನು ಕೇಳಿದವರು ಕಡಿಮೆ. ಮಕ್ಕಳ ಪಟ್ಟಿಯ ಮೊದಲ ಸಾಲಿನಲ್ಲಿದ್ದ ‘ವೈಲ್ಡ್ ಕರ್ನಾಟಕ’ವೂ (2019) ವರ್ಷಗಟ್ಟಲೆ, ಹತ್ತಾರು ಛಾಯಾಗ್ರಾಹಕರು, ಅರಣ್ಯ ಇಲಾಖೆಯ ಸಹಕಾರದೊಂದಿಗೆ ದುಡಿದು ತಯಾರಾದ 52 ನಿಮಿಷ. ಅದರ ಹೊಳಪನ್ನು ಎರಡು ವಾರಾಂತ್ಯಗಳಲ್ಲಿ, ಬಾಡಿಗೆಯ ಕ್ಯಾಮೆರಾದಲ್ಲಿ ತರಲು ಹೊರಟರೆ ಸಿಗುವುದು ಅದರ ಬಡ ನಕಲು ಮಾತ್ರ. ಅವರ ಬಳಿ ಇಲ್ಲದ್ದು ನಮ್ಮ ಮಕ್ಕಳ ಬಳಿ ಏನಿದೆ? ಮನೆಯಿಂದ ಒಂದು ಗಂಟೆಯ ಬಸ್ ಪ್ರಯಾಣದ ದೂರ ಇದೆ. ಆ ಸೀಮೆಯ ಮಾತು ಬರುತ್ತದೆ. ಮತ್ತೆ ಮತ್ತೆ ಹೋಗಬಹುದು.

ಹಾಗಾಗಿ ವೇಳಾಪಟ್ಟಿಯನ್ನು ಕಾಲೇಜಿನ ಕ್ಯಾಲೆಂಡರಿನಿಂದ ಬಿಡಿಸಿ ಮಳೆಯ ಪಂಚಾಂಗಕ್ಕೆ ಕಟ್ಟಿದೆವು. ಈ ಹಕ್ಕಿಗಳು ಮೊಟ್ಟೆಯಿಟ್ಟಂದಿನಿಂದ ಮರಿ ಹಾರುವತನಕ ಎರಡು ತಿಂಗಳ ಮೇಲೆ ಕೆಲವು ದಿನ ಹಿಡಿಯುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹುಬ್ಬೆ: ಐದು ಮಳೆಗಳೆಂದರೆ ಸುಮಾರು ಎಪ್ಪತ್ತು ದಿನ. ಲೆಕ್ಕ ಹೆಚ್ಚುಕಡಿಮೆ ಕೂಡಿಬಂತು. ಪ್ರತಿ ಮಳೆಗೆ ಒಂದು ಭೇಟಿ, ಪ್ರತಿ ಭೇಟಿಗೆ ಪೂರ್ತಿ ಒಂದು ಹಗಲು. ಪ್ರತಿ ಬಾರಿಯೂ ಗೋಪುರದ ಅದೇ ಮೂಲೆಯಲ್ಲಿ ಟ್ರೈಪಾಡ್ ಇಟ್ಟು, ಅದೇ ಮರವನ್ನು, ಅದೇ ಚೌಕಟ್ಟಿನಲ್ಲಿ ಹತ್ತು ನಿಮಿಷ ಬಿಡದೆ ಹಿಡಿಯುವುದು. ಏನೂ ನಡೆಯದಿದ್ದರೂ ಸರಿ. ನೀರು ಎಷ್ಟು ಏರಿತು, ಯಾವ ಕೊಂಬೆ ಮುಳುಗಿತು, ಯಾವ ಗೂಡು ಉಳಿಯಿತು ಎಂಬುದನ್ನು ಆ ಐದು ತುಣುಕುಗಳನ್ನು ಪಕ್ಕಪಕ್ಕದಲ್ಲಿಟ್ಟವರು ನಿರೂಪಣೆಯ ನೆರವಿಲ್ಲದೆಯೇ ಕಾಣಬಲ್ಲರು. ಪಟಾಕಿಯಿಂದ ಸಿಗುತ್ತಿದ್ದ ಚಿತ್ರಕ್ಕಿಂತ ಇದು ಮಂಕಾಗಿರುತ್ತದೆ, ಒಪ್ಪಿದೆ. ಅರ್ಜಿಯಲ್ಲಿ ಕೂಡ ‘ಚಿತ್ರೀಕರಣವು ದಡದಿಂದ ಮಾತ್ರ’ ಎಂದು ಮೊದಲ ಷರತ್ತಾಗಿ ನಾವೇ ಬರೆದೆವು.

ಕ್ಯಾಮೆರಾದ ಬಾಡಿಗೆ ಉಳಿಸಿ ಆ ಹಣದಲ್ಲಿ ಒಳ್ಳೆಯ ಮೈಕು ತರುವುದೆಂದು ತೀರ್ಮಾನವಾಯಿತು. ಫೋನಿನ ಕ್ಯಾಮೆರಾ ಈಗ ಸಾಕಷ್ಟು ಚೆನ್ನಾಗಿದೆ, ಅದರ ಮೈಕು ಮಳೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಂಡಗದ್ದೆಯ ಶಬ್ದವನ್ನು ಕೇಳಿದವರಿಗೆ ಗೊತ್ತು: ನೀರುಕಾಗೆಗಳ ಗೊರಗೊರ, ಮರಿಗಳ ಹಸಿವಿನ ಗಲಾಟೆ, ಹೊಳೆಯ ಮೊರೆತ, ಅದರ ನಡುವೆ ಇದ್ದಕ್ಕಿದ್ದಂತೆ ತಿರುವಿನಲ್ಲಿ ಲಾರಿಯ ಹಾರ್ನು. ಕೊಳಲು ಇದರಲ್ಲಿ ಯಾವುದನ್ನು ಮುಚ್ಚಬೇಕು? ನಿರೂಪಣೆ ಕನ್ನಡದಲ್ಲಿ, ಗುಂಪಿನಲ್ಲಿ ತೀರ್ಥಹಳ್ಳಿ ಕಡೆಯವಳಾದ ಹುಡುಗಿಯ ಧ್ವನಿಯಲ್ಲಿ. ಅವಳಿಗೆ ತನ್ನ ಧ್ವನಿ ಚೆನ್ನಾಗಿಲ್ಲ ಎಂಬ ಅಳುಕು. ಅದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ‘ಅವಶೇಷ್’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತ್ತು ಎಂದು ಹೇಳಿ ಧೈರ್ಯ ತುಂಬಲು ನೋಡಿದೆ. ಅವರು ಕಾಸರವಳ್ಳಿ, ನಾನು ನಾನೇ ಸರ್ ಎಂದಳು. ಹೀಗೆ ಮಾತನಾಡುವವಳು ನಿರೂಪಣೆಗೆ ಸರಿ ಎಂದು ಉಳಿದವರು ಅಂದೇ ನಿರ್ಧರಿಸಿದರು.

ಈಗ ಟಿಪ್ಪಣಿ ನಾಲ್ಕು ಪುಟಗಳಿಂದ ಒಂದೂವರೆ ಪುಟಕ್ಕೆ ಇಳಿದಿದೆ. ಹೊರಡುವ ಮುನ್ನ ಪಟಾಕಿಯ ಹುಡುಗ ಹಿಂದೆ ಉಳಿದು, ‘ಸರ್, ನೀವು ಅಂಬಿಗನಿಗೆ ಚಪ್ಪಾಳೆ ತಟ್ಟು ಅಂದಿದ್ರಲ್ಲ, ಅದನ್ನ ಕ್ಯಾಮೆರಾ ಮುಂದೆ ಹೇಳ್ತೀರಾ?’ ಎಂದು ಕೇಳಿದ. ನಾನು ತಕ್ಷಣ ಉತ್ತರಿಸಲಿಲ್ಲ. ಪಿಂಚಣಿದಾರನಿಗೂ ಮರ್ಯಾದೆ ಎಂಬುದೊಂದಿರುತ್ತದೆ. ಆ ಅಂಬಿಗ ಈಗ ಎಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ವಿಚಾರಿಸಿ, ಸಿಕ್ಕರೆ ಅವನನ್ನು ಮೊದಲು ಕೇಳಿ, ಅವನು ಹೇಳಿದ ಮೇಲೆ ನಾನು ಹೇಳುತ್ತೇನೆ ಎಂದೆ. ಹುಡುಗ ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡ. ಪುನರ್ವಸು ಮಳೆಯ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ನನ್ನನ್ನೂ ಬರಹೇಳಿದ್ದಾರೆ.